ಆರೋಗ್ಯ ವಿಚಾರ: ಅಂಗಾಂಶಕ್ಕೆ ಬಣ್ಣ ಕಟ್ಟುವ ವಿದ್ಯೆ



ಕಳೆದ ತಿಂಗಳು ನಮ್ಮ ಓದುಗರಲ್ಲೊಬ್ಬ ಸೋದರಿಯವರು ಬರೆದ ಕಾಗದವು ಈಗ ನನ್ನ ಮೇಜಿನ ಮೇಲಿದೆ. ಅವರ ಓರಗಿತ್ತಿಯ ಎದೆಯಲ್ಲಿ ಗಂಟೊಂದು ಕಾಣಿಸಿಕೊಂಡು, ವೈದ್ಯರು ಅದರಿಂದ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರಂತೆ. ಹತ್ತು ದಿನಗಳ ಮೇಲೆ ಬಂದ ವರದಿಯಲ್ಲಿ ಮೂರು ಸಾಲುಗಳಿದ್ದುವು. ಎರಡರ ಮುಂದೆ ‘ಪಾಸಿಟಿವ್’ ಎಂದೂ ಒಂದರ ಮುಂದೆ ‘ನೆಗೆಟಿವ್’ ಎಂದೂ ಬರೆದಿತ್ತು. “ಎರಡು ಪಾಸಿಟಿವ್ ಎಂದು ಓದಿದೊಡನೆ ಮನೆಯವರೆಲ್ಲರೂ ಅತ್ತುಬಿಟ್ಟೆವು. ಇದು ಅಷ್ಟು ಕೆಟ್ಟದ್ದೇ? ಚೂರಿಗೆ ಬಣ್ಣ ಹಾಕಿ ನೋಡುವರೆಂದು ಹೇಳಿದರು. ಬಣ್ಣಕ್ಕೂ ರೋಗಕ್ಕೂ ಏನು ಸಂಬಂಧ?” ಎಂಬುದು ಅವರ ಪ್ರಶ್ನೆ.

ಈ ಕಾಗದವನ್ನು ಓದಿದಾಗ ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯೊಂದು ನನ್ನ ನೆನಪಿಗೆ ಬಂತು. ನಾವು ಅಂದು ‘ನೆಗೆಟಿವ್’ ಎಂಬ ಮಾತನ್ನು ಕೇಳಿ ಸಂತೋಷಪಟ್ಟೆವು. ಆ ಸೋದರಿಯವರ ಮನೆಯಲ್ಲಿ ಅತ್ತುದೂ ತಪ್ಪು. ನಾವು ನಕ್ಕುದೂ ತಪ್ಪು. ಏಕೆಂಬುದು ತಿಳಿಯಬೇಕಾದರೆ, ವೈದ್ಯರು ಚೂರಿಗೆ ಬಣ್ಣ ಕಟ್ಟುವುದು ಯಾವುದಕ್ಕಾಗಿ ಎಂಬುದನ್ನು ಮೊದಲಿನಿಂದ ಹೇಳಬೇಕು. ಈ ತಿಂಗಳ ಬರವಣಿಗೆಯನ್ನು ಅದಕ್ಕಾಗಿಯೇ ಮೀಸಲಿಟ್ಟಿದ್ದೇನೆ.

ನಮ್ಮ ದೇಹವು ಜೀವಕೋಶಗಳೆಂಬ ಅತಿಸೂಕ್ಷ್ಮವಾದ ಗೂಡುಗಳಿಂದ ಆದುದೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಒಂದು ಕೆಲಸಕ್ಕೆ ನಿಂತ ಕೋಶಗಳು ಒಟ್ಟುಗೂಡಿ, ನೆಯ್ದ ಬಟ್ಟೆಯಂತೆ ಒಂದಕ್ಕೊಂದು ಹೆಣೆದುಕೊಂಡಿರುವುದಕ್ಕೆ ಅಂಗಾಂಶವೆಂದು ಹೆಸರು. ಇದನ್ನು ಸೂಕ್ಷ್ಮದರ್ಶಕ ಯಂತ್ರದ ಕೆಳಗಿಟ್ಟು ನೋಡಬೇಕಾದರೆ ಬೆಳಕು ತೂರಿ ಬರುವಷ್ಟು ತೆಳುವಾಗಿ ಕೊಯ್ಯಬೇಕು. ಆ ಪದರದ ದಪ್ಪವು ಸಾಮಾನ್ಯವಾಗಿ ೩ರಿಂದ ೫ ಮೈಕ್ರಾನುಗಳು. ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲಿನ ದಪ್ಪವು ಸುಮಾರು ೭೦ ಮೈಕ್ರಾನುಗಳೆಂದು ಹೇಳಿದರೆ, ಈ ಪದರವು ಎಷ್ಟು ತೆಳುವೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಇಷ್ಟು ತೆಳುವಾದುದಕ್ಕೆ ತನ್ನದೆಂಬ ಬಣ್ಣವೇ ಇರದು. ಗಾಜಿನ ಮೇಲೆ ಗಂಜಿಯ ತಿಳಿಯನ್ನು ಸವರಿದರೆ ಹೇಗೆ ಕಾಣುವುದೋ ಹಾಗೆ ಕಾಣುವುದು. ಅದರಲ್ಲಿ ಯಾವುದು ಕೋಶದ ಅಂಚು, ಯಾವುದು ಅದರ ನಡುವಣ ಕೇಂದ್ರ, ಯಾವುದು ಆರೋಗ್ಯ, ಯಾವುದು ರೋಗ ಎಂದು ಹೇಳುವುದು ಕಷ್ಟ. ಆದುದರಿಂದಲೇ ವಿಜ್ಞಾನಿಗಳು ಬಣ್ಣಗಾರರ ವಿದ್ಯೆಯನ್ನು ಎರವಲು ತಂದರು.

ಎರವಲು ಎಂಬ ಮಾತು ಅಲಂಕಾರಕ್ಕಾಗಿ ಹೇಳಿದುದಲ್ಲ. ಇಂದಿಗೂ ಜಗತ್ತಿನ ಎಲ್ಲ ಪ್ರಯೋಗಶಾಲೆಗಳಲ್ಲಿ ದಿನನಿತ್ಯ ಬಳಸುವ ಹಿಮಟಾಕ್ಸಿಲಿನ್ ಎಂಬ ಬಣ್ಣವು ಮೆಕ್ಸಿಕೋ ದೇಶದ ಕಂಪೇಚೆ ಪ್ರಾಂತದ ಕಡೆ ಬೆಳೆಯುವ ಒಂದು ಮರದ ಚೇಗಿನಿಂದ ಬರುವುದು. ಸ್ಪೇನಿನವರು ೧೬ನೆಯ ಶತಮಾನದಲ್ಲಿ ಆ ಮರದ ದಿಮ್ಮಿಗಳನ್ನು ಹಡಗುಗಳಲ್ಲಿ ಹೇರಿ ಯೂರೋಪಿಗೆ ಒಯ್ದುದು ಬಟ್ಟೆಗೆ ಬಣ್ಣ ಕಟ್ಟುವುದಕ್ಕಾಗಿ. ನಮ್ಮ ಬಣ್ಣಗಾರರು ನೂಲನ್ನು ಬಣ್ಣದಲ್ಲಿ ಅದ್ದುವ ಮುನ್ನ ಪಟಿಕದ ನೀರಿನಲ್ಲಿ ನೆನೆಸುವರಷ್ಟೆ. ಇಲ್ಲವಾದರೆ ಮೊದಲನೆಯ ಒಗೆತಕ್ಕೇ ಬಣ್ಣ ಬಿಟ್ಟುಹೋಗುವುದು. ಬ್ಯೋಮರ್ ಎಂಬವನು ೧೮೬೫ರಲ್ಲಿ ಈ ಮರದ ಬಣ್ಣಕ್ಕೂ ಅದೇ ಪಟಿಕವನ್ನು ಕೂಡಿಸಿ ಅಂಗಾಂಶಕ್ಕೆ ಹಾಕಿದನು. ಕೋಶಗಳ ಕೇಂದ್ರಗಳು ನೀಲಿಯಾಗಿ ಎದ್ದು ಕಂಡುವು. ಮುಂದೆ ೧೮೭೬ರಲ್ಲಿ ಇಯೋಸಿನ್ ಎಂಬ ಗುಲಾಬಿ ಬಣ್ಣವನ್ನು ಇದರ ಜೊತೆಗೆ ಸೇರಿಸಿದರು. ಕೇಂದ್ರವು ನೀಲಿ, ಉಳಿದ ಭಾಗವು ಗುಲಾಬಿ. ಈ ಜೋಡಿ ಬಣ್ಣವು ಇಂದಿಗೂ ರೋಗಪರೀಕ್ಷೆಯ ಮೊದಲನೆಯ ಮೆಟ್ಟಿಲು. ಗಂಟಿನಲ್ಲಿರುವುದು ಏಡಿಗಂತಿಯೋ ಅಲ್ಲವೋ ಎಂಬುದನ್ನು ಬಹುಮಟ್ಟಿಗೆ ಇದರಿಂದಲೇ ನಿರ್ಣಯಿಸುವರು.

ಆದರೆ ಈ ಬಣ್ಣವು ಕೋಶದ ಆಕಾರವನ್ನು ತೋರಿಸುವುದೇ ಹೊರತು ಅದರ ನಡತೆಯನ್ನು ತೋರಿಸದು. ಬೀದಿಯಲ್ಲಿ ನಿಂತು ಮನೆಯ ಗೋಡೆ, ಬಾಗಿಲು, ಮಾಡನ್ನು ನೋಡಬಹುದು. ಒಳಗೆ ಒಲೆಯ ಮೇಲೆ ಏನು ಬೇಯುತ್ತಿದೆಯೆಂದು ಅದರಿಂದ ತಿಳಿಯದು. ಕೋಶದ ಒಳಗಿನ ಅಡುಗೆಯನ್ನು ತಿಳಿಯಬೇಕಾದರೆ ಅದರ ಪ್ರೋಟೀನುಗಳನ್ನು ನೋಡಬೇಕು.

ಪ್ರೋಟೀನೆಂದರೆ ಬೇಳೆ, ಹಾಲು, ಮೊಟ್ಟೆಗಳಲ್ಲಿರುವ ಪುಷ್ಟಿಯ ಅಂಶವೆಂದು ಮಾತ್ರ ನಮ್ಮಲ್ಲಿ ಅನೇಕರು ತಿಳಿದಿರುವರು. ಹಳೆಯ ಪಾಠಪುಸ್ತಕಗಳಲ್ಲಿ ಸಸಾರಜನಕವೆಂದು ಕರೆದಿದ್ದುದು ಇದನ್ನೇ. ಆದರೆ ದೇಹದೊಳಗೆ ಪ್ರೋಟೀನುಗಳೇ ಕೆಲಸಗಾರರು. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್, ಸಕ್ಕರೆಯನ್ನು ಹದದಲ್ಲಿಡುವ ಇನ್ಸುಲಿನ್, ಚರ್ಮಕ್ಕೂ ಉಗುರಿಗೂ ಗಟ್ಟಿತನ ಕೊಡುವ ಕೆರಟಿನ್, ಇವೆಲ್ಲವೂ ಪ್ರೋಟೀನುಗಳೇ. ಇಲ್ಲೊಂದು ಸೋಜಿಗವುಂಟು. ಇವುಗಳನ್ನು ತಯಾರಿಸುವ ವಿಧಿಯನ್ನು ಬರೆದಿಟ್ಟ ಆನುವಂಶಿಕ ಲಿಪಿಯು ಹೆಚ್ಚುಕಡಮೆ ದೇಹದ ಎಲ್ಲ ಕೋಶಗಳಲ್ಲಿಯೂ ಒಂದೇ. ಆದರೂ ಇನ್ಸುಲಿನ್ನನ್ನು ಮಾಡುವುದು ಮೇದೋಜೀರಕ ಗ್ರಂಥಿಯ ಕೆಲವು ಕೋಶಗಳು ಮಾತ್ರ. ಕಣ್ಣಿನ ಕೋಶವು ಮಾಡದು. ಊರಿನ ಎಲ್ಲರ ಮನೆಯ ಮೊಳೆಗೂ ಒಂದೇ ಪಂಚಾಂಗವು ತೂಗಾಡುತ್ತಿದ್ದರೂ, ಒಂದು ಮನೆಯಲ್ಲಿ ಇಂದು ಏಕಾದಶಿಯ ಉಪವಾಸ, ಇನ್ನೊಂದರಲ್ಲಿ ಮದುವೆಯ ಲಗ್ನ, ಮತ್ತೊಂದರಲ್ಲಿ ಏನೂ ಇಲ್ಲ. ಪಂಚಾಂಗವನ್ನು ಓದಿದ ಮಾತ್ರಕ್ಕೆ ಯಾರ ಮನೆಯಲ್ಲಿ ಏನು ನಡೆದಿದೆಯೆಂದು ತಿಳಿಯಲಾರದು. ಮನೆಯೊಳಗೆ ಇಣುಕಿಯೇ ನೋಡಬೇಕು. ಯಾವ ಕೋಶದಲ್ಲಿ ಯಾವ ಪ್ರೋಟೀನು ಉಂಟು, ಯಾವುದರಲ್ಲಿ ಇಲ್ಲ, ಆರೋಗ್ಯದಲ್ಲಿ ಎಷ್ಟಿತ್ತು, ರೋಗದಲ್ಲಿ ಎಷ್ಟಾಯಿತು ಎಂಬ ಈ ಇಣುಕುನೋಟವೇ ನಮ್ಮ ಇಂದಿನ ವಿಷಯ.

ಈ ದಾರಿಯನ್ನು ತೋರಿಸಿದವನು ಆಲ್ಬರ್ಟ್ ಕೂನ್ಸ್ ಎಂಬ ಅಮೇರಿಕದ ವೈದ್ಯ. ೧೯೩೯ರಲ್ಲಿ ಬರ್ಲಿನ್ ನಗರಕ್ಕೆ ಹೋಗಿದ್ದಾಗ ಅವನ ಮನಸ್ಸಿನಲ್ಲಿ ಒಂದು ಪ್ರಶ್ನೆ ಹುಟ್ಟಿತು. ಕೀಲುಜ್ವರದಿಂದ ಹೃದಯವು ಕೆಟ್ಟವರ ಅಂಗಾಂಶದಲ್ಲಿ ಸಣ್ಣ ಗಂಟುಗಳು ಕಾಣುವುವು. ಅವುಗಳೊಳಗೆ ರೋಗಾಣುವಿನ ಅಂಶವು ಇದೆಯೇ ಎಂಬುದನ್ನು ಕಣ್ಣಾರೆ ನೋಡುವ ಬಗೆ ಹೇಗೆ? ಹೊರಗಿನ ವಸ್ತುವೊಂದು ದೇಹವನ್ನು ಹೊಕ್ಕರೆ ದೇಹವು ಅದನ್ನು ಹಿಡಿಯುವುದಕ್ಕೆ ಪ್ರತಿಕಾಯವೆಂಬುದನ್ನು ತಯಾರಿಸುವುದು. ಒಂದೊಂದು ಬೀಗಕ್ಕೆ ಒಂದೊಂದು ಬೀಗದ ಕೈ ಎಂಬಂತೆ, ಪ್ರತಿಕಾಯವು ತನಗೆ ಸಲ್ಲುವ ವಸ್ತುವನ್ನು ಹುಡುಕಿ ಹಿಡಿಯುವುದು, ಉಳಿದುವನ್ನು ಬಿಡುವುದು. ಈ ಬೀಗದ ಕೈಗೆ ಬಣ್ಣದ ದಾರವೊಂದನ್ನು ಕಟ್ಟಿ ಅಂಗಾಂಶದ ಮೇಲೆ ಬಿಟ್ಟರೆ, ಅದು ಎಲ್ಲಿ ಹೋಗಿ ಕೂಡುವುದೋ ಅಲ್ಲಿ ಆ ವಸ್ತುವಿದೆಯೆಂದು ತಿಳಿಯಬಹುದಲ್ಲವೇ ಎಂಬುದು ಕೂನ್ಸನ ಆಲೋಚನೆ.

ಹಾರ್ವರ್ಡಿಗೆ ಹಿಂದಿರುಗಿ, ರಸಾಯನ ಶಾಸ್ತ್ರಜ್ಞರ ನೆರವನ್ನು ಪಡೆದು, ೧೯೪೧ರಲ್ಲಿ ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಅಂಟಿಸಿದನು. ಮೊದಲಿನ ಬಣ್ಣವು ನೀಲಿಯಾಗಿ ಹೊಳೆಯುತ್ತಿತ್ತು. ಅಂಗಾಂಶವು ತಾನಾಗಿಯೇ ಸ್ವಲ್ಪ ನೀಲಿಯಾಗಿ ಹೊಳೆಯುವುದಾದುದರಿಂದ ಯಾವುದು ಯಾವುದೆಂದು ತಿಳಿಯದೆ ಹೋಯಿತು. ಬಳಿಕ ಹಸುರಾಗಿ ಹೊಳೆಯುವ ಫ್ಲೂರೆಸೀನ್ ಎಂಬುದನ್ನು ಹಿಡಿದನು. ೧೯೪೨ರಲ್ಲಿ, ನ್ಯುಮೋನಿಯದ ರೋಗಾಣುಗಳು ತಗುಲಿದ ಇಲಿಗಳ ಅಂಗಾಂಶದಲ್ಲಿ ಆ ರೋಗಾಣುವಿನ ಅಂಶವು ಹಸುರು ಬೆಳಕಾಗಿ ಕಂಡಿತು. ಕಣ್ಣಿಗೆ ಕಾಣದ ವಸ್ತುವೊಂದು ತಾನಿರುವ ಎಡೆಯಲ್ಲಿಯೇ ಹೀಗೆ ಗುರುತಿಗೆ ಸಿಕ್ಕಿತು.

ಈ ಹೊಳಪನ್ನು ನೋಡಲು ವಿಶೇಷವಾದ ದೀಪ ಬೇಕು. ಹೊಳಪು ಕ್ರಮೇಣ ಮಾಸಿಹೋಗುವುದು. ಆ ಕೊರತೆಯನ್ನು ನೀಗಿಸಿದವರು ನಕಾನೆ ಮತ್ತು ಪಿಯರ್ಸ್ ಎಂಬವರು. ೧೯೬೬ರಲ್ಲಿ ಅವರು ಪ್ರತಿಕಾಯಕ್ಕೆ ಬಣ್ಣದ ಬದಲು ಒಂದು ಕಿಣ್ವವನ್ನು ಅಂಟಿಸಿದರು. ಯೂರೋಪಿನವರು ಊಟದಲ್ಲಿ ಖಾರಕ್ಕಾಗಿ ತುರಿದು ಹಾಕಿಕೊಳ್ಳುವ ಹಾರ್ಸ್‌ರ‍್ಯಾಡಿಶ್ ಎಂಬ ಬೇರಿನಿಂದ ಈ ಕಿಣ್ವವನ್ನು ತೆಗೆಯುವರು. ಅದಕ್ಕೆ ತಕ್ಕ ರಸವನ್ನು ಮೇಲೆ ಹುಯ್ದರೆ ಕಿಣ್ವವಿರುವ ಎಡೆಯಲ್ಲೆಲ್ಲ ಕಂದು ಬಣ್ಣವು ಕೂಡುವುದು. ಆ ಕಂದು ಮಾಸದು. ಸಾಧಾರಣ ಸೂಕ್ಷ್ಮದರ್ಶಕದಲ್ಲಿಯೇ ಕಾಣುವುದು. ಬಳಿಕ ೧೯೭೫ರಲ್ಲಿ ಕ್ಯೋಲರ್ ಮತ್ತು ಮಿಲ್‌ಸ್ಟೀನ್ ಎಂಬವರು ಒಂದೇ ಅಚ್ಚಿನ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ಉಪಾಯವನ್ನು ಕಂಡುಹಿಡಿದರು. ೧೯೮೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಅಂದಿನಿಂದ ಈ ಪರೀಕ್ಷೆಯು ದೊಡ್ಡ ವಿಜ್ಞಾನಿಗಳ ಕೋಣೆಯಿಂದ ಹೊರಬಿದ್ದು ಆಸ್ಪತ್ರೆಗಳಿಗೆ ಬಂತು.

ಪರೀಕ್ಷೆಯು ನಡೆಯುವ ಕ್ರಮವನ್ನು ಹೇಳಿದರೆ ಗೃಹಿಣಿಯರಿಗೆ ಅದು ಅಷ್ಟೇನೂ ಹೊಸದಾಗಿ ತೋರದು. ದೇಹದಿಂದ ತೆಗೆದ ಚೂರನ್ನು ಕೂಡಲೇ ಫಾರ್ಮಲಿನ್ ಎಂಬ ದ್ರವದಲ್ಲಿ ಹಾಕುವರು. ಉಪ್ಪಿನಕಾಯಿಗೆ ಉಪ್ಪಿದ್ದಂತೆ, ಇದು ಅಂಗಾಂಶವನ್ನು ಕೊಳೆಯಗೊಡದೆ ಇದ್ದಂತೆಯೇ ನಿಲ್ಲಿಸುವುದು. ಅನಂತರ ಮದ್ಯಸಾರದಿಂದ ನೀರಿನ ಪಸೆಯನ್ನು ತೆಗೆದು, ಕಾಯಿಸಿದ ಮೇಣದಲ್ಲಿ ನೆನೆಸಿ, ಆರಿಸಿ ಮೇಣದ ಬಿಲ್ಲೆಯಾಗಿ ಮಾಡುವರು. ಆ ಬಿಲ್ಲೆಯಿಂದ ಮೇಲೆ ಹೇಳಿದ ತೆಳು ಪದರಗಳನ್ನು ಕೊಯ್ದು ಗಾಜಿನ ಪಟ್ಟಿಗೆ ಅಂಟಿಸುವರು. ಮೇಣವನ್ನು ಕರಗಿಸಿ ತೆಗೆದ ಮೇಲೆ ಒಂದು ತೊಡಕುಂಟು. ಫಾರ್ಮಲಿನ್ನು ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿರುವುದರಿಂದ, ಬೀಗದ ಕೈ ಹೋಗಬೇಕಾದ ರಂಧ್ರವೇ ಮುಚ್ಚಿಹೋಗಿರುವುದು. ಈ ಕಟ್ಟನ್ನು ಸಡಲಿಸುವ ಬಗೆಯು ಬಹುಕಾಲ ಸರಿಯಾಗಿ ತಿಳಿದಿರಲಿಲ್ಲ. ೧೯೯೧ರಲ್ಲಿ ಅಮೇರಿಕದಲ್ಲಿ ಷೀ ಎಂಬ ವಿಜ್ಞಾನಿಯೂ ಅವನ ಜೊತೆಗಾರರೂ, ಗಾಜಿನ ಪಟ್ಟಿಗಳನ್ನು ದ್ರವದಲ್ಲಿಟ್ಟು ಮೈಕ್ರೋವೇವ್ ಒಲೆಯಲ್ಲಿ ಕುದಿಸಿದರೆ ಪ್ರೋಟೀನುಗಳು ಮತ್ತೆ ಗುರುತಿಗೆ ಸಿಕ್ಕುವುವೆಂದು ತೋರಿಸಿದರು. ಇಂದು ಅನೇಕ ಪ್ರಯೋಗಶಾಲೆಗಳಲ್ಲಿ ಈ ಕೆಲಸಕ್ಕೆ ಬಳಸುವುದು, ನಾವು ಅನ್ನ ಬೇಳೆ ಬೇಯಿಸುವಂಥ ಪ್ರೆಷರ್ ಕುಕ್ಕರನ್ನೇ! ನಿಂಬೆಯ ಹುಳಿಯ ಜಾತಿಯ ಲವಣವನ್ನು ಕೂಡಿಸಿದ ನೀರಿನಲ್ಲಿ ಗಾಜಿನ ಪಟ್ಟಿಗಳನ್ನಿಟ್ಟು ಕೆಲವು ನಿಮಿಷ ಬೇಯಿಸುವರು.

ಬಳಿಕ ಪ್ರತಿಕಾಯವನ್ನು ಬಿಟ್ಟು, ತೊಳೆದು, ಮೊದಲನೆಯ ಪ್ರತಿಕಾಯವನ್ನೇ ಹಿಡಿಯುವ ಎರಡನೆಯ ಪ್ರತಿಕಾಯವನ್ನು ಕಿಣ್ವದೊಡನೆ ಬಿಟ್ಟು, ಮತ್ತೆ ತೊಳೆದು, ಕಂದು ಬಣ್ಣವನ್ನು ಮೂಡಿಸುವರು. ಕಡೆಯಲ್ಲಿ ನಮ್ಮ ಹಳೆಯ ಮರದ ಬಣ್ಣವನ್ನು ತೆಳುವಾಗಿ ಹಾಕುವರು. ನೀಲಿಯ ಬಯಲಿನಲ್ಲಿ ಕಂದಾಗಿ ಕಾಣುವುದೇ ನಾವು ಹುಡುಕಿದ ಪ್ರೋಟೀನು. ಆದುದರಿಂದ ‘ಪಾಸಿಟಿವ್’ ಎಂದರೆ ‘ಹುಡುಕಿದುದು ಸಿಕ್ಕಿತು’ ಎಂದು ಮಾತ್ರ ಅರ್ಥ. ಒಳ್ಳೆಯದೆಂದೂ ಅಲ್ಲ, ಕೆಟ್ಟದ್ದೆಂದೂ ಅಲ್ಲ. ಏನನ್ನು ಹುಡುಕಿದರು ಎಂಬುದನ್ನು ಮೊದಲು ಕೇಳಬೇಕು.

ಈಗ ಎದೆಯ ಗಂಟಿನ ವಿಚಾರಕ್ಕೆ ಬರೋಣ. ಗ್ಲಾಸ್ಗೋ ನಗರದ ಬೀಟ್ಸನ್ ಎಂಬ ಶಸ್ತ್ರವೈದ್ಯನು, ಅಂಡಾಶಯಗಳನ್ನು ತೆಗೆದುಹಾಕಿದರೆ ಕೆಲವು ಹೆಂಗಸರ ಎದೆಯ ಏಡಿಗಂತಿಯು ಕುಗ್ಗುವುದೆಂದು ೧೮೯೬ರಲ್ಲಿ ಪ್ರಕಟಿಸಿದನು. ಎಲ್ಲರಿಗೂ ಏಕೆ ಹಾಗಾಗದು ಎಂಬುದು ಅಂದು ತಿಳಿಯಲಿಲ್ಲ. ಷಿಕಾಗೋ ವಿಶ್ವವಿದ್ಯಾನಿಲಯದ ಎಲ್ವುಡ್ ಜೆನ್ಸನ್ ಎಂಬವನು ೧೯೫೦ರ ದಶಕದ ಕೊನೆಯಲ್ಲಿ ಅದರ ಗುಟ್ಟನ್ನು ಬಿಡಿಸಿದನು. ಸ್ತ್ರೀದೇಹದ ಈಸ್ಟ್ರೋಜನ್ ಎಂಬ ಚೋದಕರಸವು ಕೋಶದ ಮೇಲೆ ಪರಿಣಾಮ ಮಾಡಬೇಕಾದರೆ, ಆ ಕೋಶದೊಳಗೆ ಅದನ್ನು ಬರಮಾಡಿಕೊಳ್ಳುವ ಪ್ರೋಟೀನೊಂದು ಇರಬೇಕು. ಇದಕ್ಕೆ ಈಸ್ಟ್ರೋಜನ್ ಗ್ರಾಹಕವೆಂದು ಹೆಸರು. ಇದು ಆರೋಗ್ಯವಂತರ ಎದೆಯ ಹಾಲಿನ ನಾಳಗಳಲ್ಲಿಯೂ ಉಂಟು. ಏಡಿಗಂತಿಯ ಕೋಶಗಳಲ್ಲಿ ಈ ಗ್ರಾಹಕವಿದ್ದರೆ ಗಂಟು ಆ ರಸವನ್ನು ಉಂಡು ಬೆಳೆಯುವುದು. ಆ ರಸವನ್ನು ತಡೆದರೆ ಗಂಟಿಗೆ ಉಪವಾಸ.

ಮೊದಮೊದಲು ಈ ಗ್ರಾಹಕವನ್ನು ಅಳೆಯುವುದಕ್ಕೆ ಅಂಗಾಂಶವನ್ನು ಹೆಪ್ಪುಗಟ್ಟಿಸಿ ಪುಡಿಮಾಡಿ ಅರೆಯುತ್ತಿದ್ದರು. ಅರೆದ ಚಟ್ನಿಯಲ್ಲಿ ಮೆಣಸಿನಕಾಯಿ ಎಷ್ಟಿದೆಯೆಂದು ನಾಲಗೆಯು ಹೇಳಬಹುದು. ಯಾವ ಮೆಣಸಿನಕಾಯಿ ಖಾರದ್ದು ಎಂದು ಹೇಳಲಾರದು. ಹಾಗೆಯೇ ಅರೆದ ಅಂಗಾಂಶದಲ್ಲಿ ಸಿಕ್ಕಿದ ಗ್ರಾಹಕವು ರೋಗದ ಕೋಶದ್ದೋ ಪಕ್ಕದ ಆರೋಗ್ಯವಂತ ಕೋಶದ್ದೋ ತಿಳಿಯುತ್ತಿರಲಿಲ್ಲ. ಮೇಲಾಗಿ ದೊಡ್ಡ ಚೂರೇ ಬೇಕಾಗುತ್ತಿತ್ತು. ೧೯೮೦ರಲ್ಲಿ ಜೆನ್ಸನ್ನನ ಗುಂಪಿನವರೇ ಈ ಗ್ರಾಹಕಕ್ಕೆ ಒಂದೇ ಅಚ್ಚಿನ ಪ್ರತಿಕಾಯಗಳನ್ನು ತಯಾರಿಸಿದರು. ಆ ಬಳಿಕ ಸೂಜಿಯಿಂದ ತೆಗೆದ ದಾರದೆಳೆಯಂಥ ಚೂರಿನಲ್ಲಿಯೂ, ಯಾವ ಕೋಶದಲ್ಲಿ ಗ್ರಾಹಕವಿದೆ ಯಾವುದರಲ್ಲಿಲ್ಲ ಎಂಬುದನ್ನು ಒಂದೊಂದಾಗಿ ಎಣಿಸಿ ಹೇಳುವುದು ಸಾಧ್ಯವಾಯಿತು. ಅಮೇರಿಕದ ವೈದ್ಯಸಂಘಗಳು ೨೦೧೦ರಲ್ಲಿ ಗೊತ್ತುಮಾಡಿದ ನಿಯಮದಂತೆ, ರೋಗದ ಕೋಶಗಳಲ್ಲಿ ನೂರಕ್ಕೆ ಒಂದಾದರೂ ಕಂದಾದರೆ ಪಾಸಿಟಿವ್ ಎಂದು ಎಣಿಸುವರು. ೨೦೨೦ರಲ್ಲಿ ಅದನ್ನು ತಿದ್ದಿ, ಒಂದರಿಂದ ಹತ್ತರವರೆಗಿನದನ್ನು ‘ಅಲ್ಪ ಪಾಸಿಟಿವ್’ ಎಂದು ಬೇರೆ ಮಾಡಿದರು.

ಇದರ ಮೇಲೆ ನಿಂತಿರುವುದು ಏನು ಗೊತ್ತೇ? ಟ್ಯಾಮಾಕ್ಸಿಫೆನ್ ಎಂಬ ಸಣ್ಣ ಮಾತ್ರೆ. ಗ್ರಾಹಕವುಳ್ಳ ಏಡಿಗಂತಿಯವರು ಐದು ವರ್ಷ ಈ ಮಾತ್ರೆಯನ್ನು ಸೇವಿಸಿದರೆ, ಆ ರೋಗದಿಂದಾಗುವ ಮರಣವು ಸುಮಾರು ಮೂರನೆಯ ಒಂದು ಪಾಲಿನಷ್ಟು ತಗ್ಗುವುದೆಂದು ಸಾವಿರಾರು ಮಂದಿ ಹೆಂಗಸರನ್ನು ವರ್ಷಗಟ್ಟಳೆ ಪರಿಶೀಲಿಸಿ ಕಂಡುಕೊಂಡಿರುವರು. ಗ್ರಾಹಕವಿಲ್ಲದವರಿಗೆ ಇದರಿಂದ ಪ್ರಯೋಜನವಿಲ್ಲ. ಕಾಗದ ಬರೆದ ಸೋದರಿಯವರೇ, ನಿಮ್ಮ ಓರಗಿತ್ತಿಯವರ ವರದಿಯಲ್ಲಿನ ಎರಡು ‘ಪಾಸಿಟಿವ್’ಗಳು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಗ್ರಾಹಕಗಳವು. ಅವು ಅಳತಕ್ಕ ಸುದ್ದಿಯಲ್ಲ. ಚಿಕಿತ್ಸೆಗೆ ಒಂದು ಬಾಗಿಲು ತೆರೆದಿದೆಯೆಂಬ ಸುದ್ದಿ. ಮೂರನೆಯದು ಹರ್-೨ ಎಂಬ ಪ್ರೋಟೀನು. ಇದು ಕೋಶದ ಹೊರಮೈಯಲ್ಲಿ ಇರುವುದು. ಇದು ಅತಿಯಾದರೆ ರೋಗವು ಬೇಗ ಹಬ್ಬುವುದೆಂದು ೧೯೮೭ರಲ್ಲಿ ಸ್ಲೇಮನ್ ಎಂಬವನೂ ಸಂಗಡಿಗರೂ ತೋರಿಸಿದರು. ಇದನ್ನು ಸೊನ್ನೆಯಿಂದ ಮೂರರವರೆಗೆ ಅಂಕ ಹಾಕಿ ಹೇಳುವರು. ಮೂರಾದರೆ ಹೆಚ್ಚೆಂದು ಅರ್ಥ, ಎರಡಾದರೆ ಸಂದೇಹ, ಬೇರೆ ಪರೀಕ್ಷೆಯಿಂದ ಪರಿಹರಿಸಬೇಕು. ಹೆಚ್ಚಾಗಿರುವವರಿಗೆ ೧೯೯೮ರಲ್ಲಿ ಟ್ರಾಸ್ಟುಜುಮ್ಯಾಬ್ ಎಂಬ ಔಷಧವು ಬಂತು. ವಿಚಿತ್ರವೇನೆಂದರೆ, ಆ ಔಷಧವೂ ಒಂದು ಪ್ರತಿಕಾಯವೇ. ಗಾಜಿನ ಮೇಲೆ ರೋಗವನ್ನು ತೋರಿಸಿಕೊಟ್ಟ ಜಾತಿಯ ವಸ್ತುವೇ ದೇಹದಲ್ಲಿ ರೋಗದೊಡನೆ ಹೋರಾಡುವುದು.

ಇನ್ನು ನಮ್ಮ ಮನೆಯ ಸಂಗತಿ. ೨೦೧೬ರ ನವರಾತ್ರಿಯಲ್ಲಿ ನಮ್ಮ ಅಕ್ಕನಿಗೆ ಎದೆಯ ಗಂಟಿನ ಶಸ್ತ್ರಚಿಕಿತ್ಸೆಯಾಯಿತು. ತೆಗೆದ ಗಂಟನ್ನು ಇಡಿಯಾಗಿಯೇ ಒಂದು ಸಣ್ಣ ಡಬ್ಬಿಯಲ್ಲಿ ತುರುಕಿ, ಮುಳುಗಿಯೂ ಮುಳುಗದಷ್ಟು ಫಾರ್ಮಲಿನ್ ಹಾಕಿ ಕೊಟ್ಟರು. ಮುಂದೆ ಆಯುಧಪೂಜೆ, ವಿಜಯದಶಮಿಗಳ ರಜೆ. ಅಕ್ಕನ ಮಗನು ಮೂರನೆಯ ದಿನ ಅದನ್ನು ಪರೀಕ್ಷಾಲಯಕ್ಕೆ ಮುಟ್ಟಿಸಿದನು. ವಾರದ ಮೇಲೆ ವರದಿ ಬಂತು: ಈಸ್ಟ್ರೋಜನ್ ಗ್ರಾಹಕ ನೆಗೆಟಿವ್. ಭಾವನವರು ಅದನ್ನೋದಿ, “ನೆಗೆಟಿವ್ ಅಂತೆ, ದೇವರು ದೊಡ್ಡವನು” ಎಂದು ಮನೆಗೆಲ್ಲ ಸಕ್ಕರೆ ಹಂಚಿದರು. ನಾನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆನೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಅಕ್ಕನಿಗೆ ಮುಂದಿನ ಚಿಕಿತ್ಸೆ ಮಾಡಬೇಕಾಗಿದ್ದ ವೈದ್ಯರಿಗೆ ಸಮಾಧಾನವಾಗಲಿಲ್ಲ. ಗಾಜಿನ ಪಟ್ಟಿಗಳನ್ನು ತರಿಸಿ, ಬೇರೊಬ್ಬ ಹಿರಿಯ ಪೆಥಾಲಜಿ ವೈದ್ಯರಿಗೆ ತೋರಿಸಿದರು. ಆ ತಾಯಿ ಅರ್ಧ ಗಳಿಗೆ ನೋಡಿ, ನಮ್ಮನ್ನು ಒಳಗೆ ಕರೆದು, ಸೂಕ್ಷ್ಮದರ್ಶಕದಲ್ಲಿ ನಮಗೂ ತೋರಿಸಿ ಹೇಳಿದ ಮಾತು ಇದು: “ಇಲ್ಲಿ ನೋಡಿ. ಇವು ರೋಗದ ಕೋಶಗಳು. ಎಲ್ಲವೂ ನೀಲಿ, ಕಂದಿಲ್ಲ. ಅದರ ಪಕ್ಕದಲ್ಲಿರುವ ಇವು ಆರೋಗ್ಯವಾದ ಹಾಲಿನ ನಾಳಗಳು. ಇವುಗಳಲ್ಲಿ ಕೆಲವಾದರೂ ಕೋಶಗಳು ಕಂದಾಗಲೇಬೇಕು. ಇವೂ ನೀಲಿಯಾಗಿಯೇ ಇವೆ. ಸಾಕ್ಷಿಯೇ ಮೂಕನಾಗಿರುವಾಗ ಮೊಕದ್ದಮೆಯನ್ನು ತೀರ್ಮಾನ ಮಾಡುವುದು ಹೇಗೆ? ಇದು ನೆಗೆಟಿವ್ ಅಲ್ಲ, ಪರೀಕ್ಷೆಯೇ ಆಗಿಲ್ಲ.”

ಆದುದೇನೆಂದರೆ, ಫಾರ್ಮಲಿನ್ನು ಅಂಗಾಂಶದೊಳಕ್ಕೆ ಬಹಳ ನಿಧಾನವಾಗಿ, ಗಂಟೆಗೆ ಸುಮಾರು ಒಂದು ಮಿಲಿಮೀಟರಿನಂತೆ ಇಳಿಯುವುದು. ದೊಡ್ಡ ಗಂಟನ್ನು ಕೊಯ್ದು ಬಿಡಿಸದೆ ಹಾಕಿದರೆ, ದ್ರವವು ಒಳಗನ್ನು ಮುಟ್ಟುವಷ್ಟರಲ್ಲಿ ಅಲ್ಲಿನ ಪ್ರೋಟೀನುಗಳು ಕೆಟ್ಟುಹೋಗಿರುವುವು. ಹೊರಗೆ ಗಟ್ಟಿಯಾಗಿ ಚೆನ್ನಾಗಿ ಕಂಡರೂ ಒಳಗೆ ಹಣ್ಣು ಕೊಳೆತಿರುವಂತೆ.

ಅದೃಷ್ಟಕ್ಕೆ, ಶಸ್ತ್ರಚಿಕಿತ್ಸೆಗೆ ಮುಂಚೆ ಬೇರೊಂದು ಊರಿನಲ್ಲಿ ಅಕ್ಕನಿಗೆ ಸೂಜಿಯಿಂದ ಚೂರು ತೆಗೆದಿದ್ದರು. ಅದು ಏಡಿಗಂತಿಯೇ ಅಲ್ಲವೇ ಎಂಬುದನ್ನಷ್ಟೇ ಆಗ ನೋಡಿದ್ದರು. ತೆಳು ಚೂರಾದುದರಿಂದ ಅದು ಕೂಡಲೇ ಫಾರ್ಮಲಿನ್ನಿನಲ್ಲಿ ನೆನೆದಿತ್ತು. ಅದರ ಮೇಣದ ಬಿಲ್ಲೆಯು ಅಲ್ಲಿನ ಕಪಾಟಿನಲ್ಲಿ ಭದ್ರವಾಗಿತ್ತು. ಅಕ್ಕನ ಮಗನು ರಾತ್ರಿಯ ಬಸ್ಸಿಗೆ ಹೋಗಿ ಅದನ್ನು ತಂದನು. ಹೆಬ್ಬೆರಳಿನಷ್ಟಗಲದ ಆ ಬಿಲ್ಲೆಯಿಂದ ಹೊಸದಾಗಿ ಪದರ ಕೊಯ್ದು ಬಣ್ಣ ಕಟ್ಟಿದರು. ನಾಳಗಳೂ ಕಂದಾದುವು, ರೋಗದ ಕೋಶಗಳಲ್ಲಿ ನೂರಕ್ಕೆ ಎಂಬತ್ತು ಕಂದಾದುವು. ಅಕ್ಕನಿಗೆ ಮಾತ್ರೆ ಆರಂಭವಾಯಿತು. ಭಾವನವರು ಈ ಸಲ ಸಕ್ಕರೆ ಹಂಚಲಿಲ್ಲ; ಸುಮ್ಮನೆ ದೇವರ ಮುಂದೆ ಕುಳಿತಿದ್ದರು. ಅಕ್ಕನು ಮಾತ್ರೆಗಳ ಅವಧಿಯನ್ನು ಮುಗಿಸಿ ಇಂದಿಗೂ ಆರೋಗ್ಯವಾಗಿರುವಳು.

ಈ ಸಂಗತಿಯಲ್ಲಿ ಇನ್ನೊಂದು ಪಾಠವುಂಟು. ರೋಗವನ್ನು ಅಳೆಯಬೇಕಾದರೆ ಆರೋಗ್ಯವು ಹೇಗಿರುವುದೆಂಬುದು ಮೊದಲು ತಿಳಿದಿರಬೇಕು. ಆರೋಗ್ಯವಂತ ನಾಳದ ಬಣ್ಣವನ್ನು ಬಲ್ಲ ಕಣ್ಣೇ ಅಂದು ತಪ್ಪನ್ನು ಹಿಡಿದುದು. ಈ ಕಾರಣದಿಂದಲೇ ಸ್ವೀಡನ್ ದೇಶದಲ್ಲಿ ಮಥಿಯಾಸ್ ಉಲೆನ್ ಎಂಬ ವಿಜ್ಞಾನಿಯ ಮುಂದಾಳುತನದಲ್ಲಿ ೨೦೦೩ರಿಂದ ಒಂದು ಮಹಾಕಾರ್ಯವು ನಡೆದಿದೆ. ಮನುಷ್ಯನ ಸುಮಾರು ೨೦,೦೦೦ ಪ್ರೋಟೀನು ವಿಧಿಗಳಲ್ಲಿ ಒಂದೊಂದಕ್ಕೂ ಪ್ರತಿಕಾಯವನ್ನು ತಯಾರಿಸಿ, ಮೆದುಳು, ಯಕೃತ್ತು, ಮೂತ್ರಪಿಂಡ, ಚರ್ಮ ಮೊದಲಾದ ಆರೋಗ್ಯವಾದ ಅಂಗಾಂಶಗಳಿಗೂ ಏಡಿಗಂತಿಗಳಿಗೂ ಬಣ್ಣ ಕಟ್ಟಿ, ಚಿತ್ರಪಟಗಳ ಭೂಪಟವೊಂದನ್ನು ಮಾಡುತ್ತಿರುವರು. ೨೦೧೫ರಲ್ಲಿ ಪ್ರಕಟವಾದ ಅದರ ವಿವರದಂತೆ, ಈ ವಿಧಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಲ್ಲ ಅಂಗಾಂಶಗಳಲ್ಲಿಯೂ ಕೆಲಸ ಮಾಡುತ್ತಿರುವುವು. ಉಳಿದುವು ಕೆಲವೆಡೆಗಳಲ್ಲಿ ಮಾತ್ರ. ಆ ಲಕ್ಷಾಂತರ ಚಿತ್ರಗಳನ್ನು ಒಂದೊಂದಾಗಿ ನೋಡಿ ಬರೆದಿಡುವ ಕೆಲಸದಲ್ಲಿ ನಮ್ಮ ಮುಂಬಯಿಯ ಪೆಥಾಲಜಿ ವೈದ್ಯರ ಕಣ್ಣುಗಳು ಬಹಳವಾಗಿ ದುಡಿದಿವೆಯೆಂಬುದು ಹೆಮ್ಮೆಯ ಮಾತು.

ಇಂಥ ಭೂಪಟದಿಂದ ಬೇರೆ ಉಪಯೋಗವೂ ಉಂಟು. ಕೆಲವು ವೇಳೆ ಏಡಿಗಂತಿಯು ಹುಟ್ಟಿದ ಎಡೆಯನ್ನು ಬಿಟ್ಟು ಕುತ್ತಿಗೆಯಲ್ಲೋ ಮೂಳೆಯಲ್ಲೋ ಕಾಣಿಸಿಕೊಳ್ಳುವುದು. ಧಾರವಾಡದವನು ಮಂಗಳೂರಿನಲ್ಲಿ ಅಂಗ್ಡಿ ಇಟ್ಟರೂ ಬಾಯಿ ತೆರೆದೊಡನೆ ಅವನ ಊರು ತಿಳಿಯುವುದಷ್ಟೆ. ಹಾಗೆಯೇ ಥೈರೊಗ್ಲಾಬ್ಯುಲಿನ್ ಎಂಬ ಪ್ರೋಟೀನು ಕಂದಾಗಿ ಕಂಡರೆ ಆ ಕೋಶದ ತವರು ಥೈರಾಯ್ಡ್ ಗ್ರಂಥಿಯೆಂದು ಹೇಳಬಹುದು. ಏಡಿಗಂತಿಯಲ್ಲದ ರೋಗಗಳಲ್ಲಿಯೂ ಈ ವಿದ್ಯೆಯು ನೆರವಾಗುವುದು. ಮೂತ್ರಪಿಂಡದ ಒಂದು ಸಾಮಾನ್ಯ ಕಾಯಿಲೆಯನ್ನು ೧೯೬೮ರಲ್ಲಿ ಪ್ಯಾರಿಸ್ಸಿನ ಬರ್ಜೆ ಎಂಬವನು ಗುರುತಿಸಿದುದು ಕೂನ್ಸನ ಹೊಳೆಯುವ ಬಣ್ಣದಿಂದಲೇ. ಹುಚ್ಚುನಾಯಿ ರೋಗವನ್ನು ಸತ್ತ ಪ್ರಾಣಿಯ ಮೆದುಳಿನಲ್ಲಿ ಖಚಿತಪಡಿಸುವುದಕ್ಕೂ ೧೯೫೮ರಿಂದ ಅದೇ ಹಸುರು ಹೊಳಪಿನ ಪರೀಕ್ಷೆಯು ನಡೆದುಬಂದಿದೆ; ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಇದನ್ನು ಮಾಡುವರು.

ಈ ವಿದ್ಯೆಗೆ ಮಿತಿಗಳೂ ಉಂಟೆಂಬುದನ್ನು ಮರೆಯಬಾರದು. ಪ್ರತಿಕಾಯವು ಕೆಲವು ವೇಳೆ ತನ್ನದಲ್ಲದ ಬೀಗಕ್ಕೂ ತಗಲಿಕೊಳ್ಳುವುದು. ಬಣ್ಣ ಗಾಢವಾದಷ್ಟೂ ಪ್ರೋಟೀನು ಅಷ್ಟೇ ಪಟ್ಟು ಹೆಚ್ಚೆಂದು ಹೇಳಲಾಗದು. ನೋಡುವ ಕಣ್ಣು ಮನುಷ್ಯನದು. ಇಬ್ಬರ ಎಣಿಕೆಯು ಸ್ವಲ್ಪ ಬೇರೆಯಾಗಬಹುದು. ಆದುದರಿಂದಲೇ ಪ್ರತಿ ಪರೀಕ್ಷೆಯ ಜೊತೆಗೂ, ಕಂದಾಗಲೇಬೇಕಾದ ಒಂದು ಅಂಗಾಂಶವನ್ನೂ ಆಗಲೇಬಾರದ ಒಂದನ್ನೂ ಇಟ್ಟು ತಾಳೆ ನೋಡುವರು.

ಕಡೆಯದಾಗಿ ಮನೆಯವರು ನೆನಪಿಡತಕ್ಕ ಕೆಲವು ಮಾತುಗಳು:

ಮೊದಲನೆಯದು, ಚೂರು ತೆಗೆಯುವ ಮುಂಚೆಯೇ ಅದನ್ನು ಯಾವ ದ್ರವದಲ್ಲಿ ಇಡುವರು, ಯಾವ ಹೊತ್ತಿಗೆ ಪರೀಕ್ಷಾಲಯಕ್ಕೆ ಹೋಗುವುದು ಎಂದು ವಿನಯದಿಂದ ಕೇಳಿರಿ. ಎದೆಯ ಗಂಟಾದರೆ ಒಂದು ಗಂಟೆಯೊಳಗೆ ಫಾರ್ಮಲಿನ್ನನ್ನು ಸೇರಬೇಕು. ದ್ರವವು ಚೂರಿನ ಹತ್ತು ಪಟ್ಟಾದರೂ ಇರಬೇಕು. ದೊಡ್ಡ ಗಂಟನ್ನು ಅಲ್ಲಿನವರೇ ಕೊಯ್ದು ಬಿಡಿಸಿ ಹಾಕಬೇಕು. ಮೂತ್ರಪಿಂಡದ ಹೊಳಪಿನ ಪರೀಕ್ಷೆಗೆ ಮಾತ್ರ ಫಾರ್ಮಲಿನ್ ಕೂಡದು. ಅದಕ್ಕೆ ಬೇರೆ ದ್ರವವುಂಟು. ರಜೆಯ ಮುನ್ನಾದಿನಗಳಲ್ಲಿ ಈ ವಿಚಾರಣೆಯು ಇನ್ನಷ್ಟು ಅವಶ್ಯ.

ಎರಡನೆಯದು, ಡಬ್ಬಿಯನ್ನು ನಿಮ್ಮ ಕೈಯಲ್ಲಿ ಕೊಟ್ಟರೆ ಮನೆಗೆ ಒಯ್ಯದೆ ನೇರವಾಗಿ ಪರೀಕ್ಷಾಲಯಕ್ಕೆ ಒಯ್ಯಿರಿ. ನೀರನ್ನಾಗಲಿ ಸ್ಪಿರಿಟನ್ನಾಗಲಿ ಬೆರಸಬೇಡಿರಿ. ಫಾರ್ಮಲಿನ್ನಿನ ಹಬೆಯು ಕಣ್ಣು ಮೂಗುಗಳಿಗೆ ಕೆಟ್ಟದ್ದು. ಮುಚ್ಚಳ ತೆರೆಯದೆ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿರಿ.

ಮೂರನೆಯದು, ಮೇಣದ ಬಿಲ್ಲೆಯು ರೋಗಿಯ ಪಾಲಿನ ಆಸ್ತಿಪತ್ರವಿದ್ದಂತೆ. ಅದು ಎಲ್ಲಿದೆಯೆಂದು ಬರೆದಿಟ್ಟುಕೊಳ್ಳಿರಿ. ನಿಮ್ಮ ಕೈಗೆ ಬಂದರೆ ತಂಪಾದೆಡೆಯಲ್ಲಿಡಿರಿ. ಬಿಸಿಲಿನಲ್ಲಿ ನಿಂತ ಮೋಟಾರಿನಲ್ಲಿ ಬಿಟ್ಟರೆ ಮೇಣವು ಮೆತ್ತಗಾದೀತು. ವರ್ಷಗಳ ಮೇಲೂ ಅದರಿಂದ ಹೊಸ ಪರೀಕ್ಷೆಯನ್ನು ಮಾಡಿಸಬಹುದು.

ನಾಲ್ಕನೆಯದು, ಪಾಸಿಟಿವ್ ಎಂದು ಅಳಬೇಡಿರಿ, ನೆಗೆಟಿವ್ ಎಂದು ಹಿಗ್ಗಬೇಡಿರಿ. “ಯಾವುದಕ್ಕೆ ಪಾಸಿಟಿವ್? ಅದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುವುದು?” ಎಂದು ವೈದ್ಯರನ್ನು ಕೇಳಿರಿ. ಸಂದೇಹವಿದ್ದರೆ ಗಾಜಿನ ಪಟ್ಟಿಗಳನ್ನು ಇನ್ನೊಬ್ಬರಿಗೆ ತೋರಿಸುವುದರಲ್ಲಿ ಯಾರಿಗೂ ಅವಮಾನವಿಲ್ಲ.

ಕಾಗದ ಬರೆದ ಸೋದರಿಯವರಿಗೆ ನನ್ನ ಉತ್ತರವು ಇಷ್ಟೇ. ನಿಮ್ಮ ಓರಗಿತ್ತಿಯವರನ್ನು ತಡಮಾಡದೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ, ಅವರು ಹೇಳಿದ ಚಿಕಿತ್ಸೆಯನ್ನು ನಡುವೆ ಬಿಡದೆ ಮಾಡಿಸಿರಿ. ಮುಂದಿನ ಸಮಾಚಾರವನ್ನು ಬರೆಯಿರಿ; ಎದುರು ನೋಡುತ್ತಿರುವೆನು.